ಯರಿ ನೆಲಕ್ಕೆ ಒಪ್ಪುವ ಗಾಲಿ

ಮಳೆ ಬಿತ್ತೆಂದರೆ ಗದಗ ಸೀಮೆಯ ರೇಸ್ ಸೈಕಲ್ಲುಗಳು ಗೋಡೆ ಸೇರುತ್ತವೆ. ಸೇರಬೇಕಿಲ್ಲ! ಗಾಲಿ ತುಸು ಸಣ್ಣದು, ಟಾಯರ್ ತುಸು ದಪ್ಪ, ಮೇಲೊಂದು ಗಟ್ಟಿ ಮಡ್‌ಗಾರ್ಡ್. ಇಷ್ಟಾದರೆ ಅದೇ ಸೈಕಲ್ಲು ನರಗುಂದದ ಯರಿ (ಕರಿ ಮಣ್ಣಿನ) ಸೀಮೆಯ ರಸ್ತೆಯಿಂದ ಗಜೇಂದ್ರಗಡದ ಏರಿನವರೆಗೆ ಮಳೆಗಾಲವಿಡೀ ಓಡುತ್ತದೆ.

ಮಿರಗದ (ಮೃಗಶಿರ) ಮಳೆ ರಾತ್ರಿಯೆಲ್ಲ ಹೊಡೆದು ನಸುಕಿಗೆ ಹೊಳವಾಗಿದೆ. ರೋಣದ ಊರಾಚೆ ರಸ್ತೆ ಕೆಲಸಕ್ಕೆಂದು ಡಾಂಬರು ಕಿತ್ತ ಜಾಗ. ಅಲ್ಲಿ ಉಳಿದಿರುವುದು ಬರೀ ಕರಿ ಮಣ್ಣು. ಬಾಗಿದ ಹ್ಯಾಂಡಲಿನ, ಬೆರಳಗಲ ಟಾಯರಿನ ರೇಸ್ ಸೈಕಲ್ಲೊಂದು ಅದರೊಳಗೆ ಇಳಿಯುತ್ತದೆ.

ಹತ್ತು ಮಾರು ಹೋಗುವಷ್ಟರಲ್ಲಿ ಟಾಯರಿಗೆ ಮಣ್ಣು ಸುತ್ತಿಕೊಳ್ಳುತ್ತದೆ. ಇನ್ನು ಹತ್ತು ಮಾರಿಗೆ ಆ ಮಣ್ಣು ಬ್ರೇಕಿನ ಸಂದಿ ತುಂಬಿ ಗಾಲಿ ನಿಂತೇಬಿಡುತ್ತದೆ. ಹುಡುಗ ಇಳಿದು ನೂಕುತ್ತಾನೆ. ಗಾಲಿ ತಿರುಗುವುದಿಲ್ಲ, ಎಳೆದುಕೊಂಡು ಬರುತ್ತದೆ.

ರಸ್ತೆಯ ದಂಡೆಯಲ್ಲಿ, ಹುಲ್ಲಿನ ಮೇಲೆ, ಹಳೆಯ ಕರಿ ಸೈಕಲ್ಲು ಹಿಡಿದು ನಡೆದು ಬರುತ್ತಿದ್ದ ರೈತರೊಬ್ಬರು ನಿಲ್ಲುತ್ತಾರೆ. ಕೈಯಲ್ಲೊಂದು ಜಾಲಿ ಕಡ್ಡಿ. ಅದು ಮಡ್‌ಗಾರ್ಡಿನ ಒಳಗಿನ ಮಣ್ಣು ಕೆರೆದು ತೆಗೆಯಲಿಕ್ಕೆ.

"ಏ ತಮ್ಮಾ, ನೂಕಿದಷ್ಟೂ ಹಿಡೀತದ ಅದು. ಹೆಗಲಿಗೆ ಹಾಕ್ಕೊಂಡು ದಂಡಿಗೆ ನಡಿ."

"ಹೂಂರೀ ಕಾಕಾ" ಎನ್ನುತ್ತಾ ಹುಡುಗ ಸೈಕಲ್ಲನ್ನು ಹೆಗಲಿಗೇರಿಸುತ್ತಾನೆ.

ಮುಂಗಾರು, ಹಿಂಗಾರು ಎರಡರಲ್ಲೂ ಈ ಸೀಮೆಯ ಯಾವ ಯರಿ ಊರಿನ ಹೊರಗೆ ನಿಂತರೂ ಕಾಣುವ ನೋಟ ಇದು. ಜೂನ್ 3ರಂದು ಜಗತ್ತು ಸೈಕಲ್ ದಿನ ಆಚರಿಸುತ್ತದೆ. ವಿಶ್ವಸಂಸ್ಥೆ 2018ರಲ್ಲಿ ಗೊತ್ತು ಮಾಡಿದ ದಿನ ಅದು. ಅದಾದ ನಾಲ್ಕೈದು ದಿನಕ್ಕೆ ಮಿರಗ ಕೂಡುತ್ತದೆ, ಒಳ್ಳೊಳ್ಳೆಯ ಸೈಕಲ್ಲುಗಳು ಮೊಳೆಗೆ ತೂಗುಬೀಳುತ್ತವೆ.

ಸೈಕಲ್ಲಿನ ಸೀಮೆ

ವಿಜಯಪುರ, ಬಾಗಲಕೋಟೆ, ಗದಗ: ಕರ್ನಾಟಕದ ಸೈಕ್ಲಿಂಗ್ ಪದಕಗಳ ಬೇರು ಇರುವುದು ಈ ಜಿಲ್ಲೆಗಳಲ್ಲಿ. ನರಗುಂದದಿಂದ ಆಚೆ ಹೋದರೆ ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆ ಸಿಗುತ್ತದೆ. ರೈತರ ಮಕ್ಕಳು, ಕೂಲಿಕಾರರ ಮಕ್ಕಳು ಇಲ್ಲಿ ರಾಷ್ಟ್ರಮಟ್ಟದ ಸವಾರರಾಗಿ ಬೆಳೆದಿದ್ದಾರೆ. ಹಳ್ಳಿಯ ರಸ್ತೆಯಲ್ಲಿ ನಸುಕಿಗೇ ಸಾಲಾಗಿ ಸಾಗುವ ರೇಸ್ ಸೈಕಲ್ಲುಗಳು ಇಲ್ಲಿನವರಿಗೆ ಹೊಸದಲ್ಲ.

ಶಾಲೆಯ ಸೈಕಲ್ಲಂತೂ ಮನೆಮನೆಗೂ ಬಂದಿತ್ತು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ, ಪಕ್ಕದೂರಿನ ಹೈಸ್ಕೂಲು ದೂರವೆಂದು ಓದು ಬಿಡುತ್ತಿದ್ದ ಹೆಣ್ಣುಮಕ್ಕಳು ಪೆಡಲು ತುಳಿದರು. ಆ ಸೈಕಲ್ಲುಗಳಿಗೆ ಮಡ್‌ಗಾರ್ಡ್ ಇತ್ತು. ಕೊಟ್ಟವರಿಗೂ ಪಡೆದವರಿಗೂ ಅದು ಕೇಳಿ ಪಡೆಯುವ ವಸ್ತುವೇ ಆಗಿರಲಿಲ್ಲ, ಸೈಕಲ್ಲೆಂದರೆ ಮಡ್‌ಗಾರ್ಡ್ ಇದ್ದೇ ಇರಬೇಕು.

ಆಮೇಲೆ ಬಂದ ತೆಳು ಗಾಲಿಯ ರೋಡ್ ಬೈಕುಗಳು ಅದನ್ನು ಕಳಚಿ ಹಾಕಿದವು. ತೂಕ ಇಳಿಯಿತು, ವೇಗ ಏರಿತು. ಯುರೋಪಿನ ನುಣುಪು ಡಾಂಬರಿನಲ್ಲಿ ಪಂದ್ಯ ಗೆಲ್ಲಲೆಂದು ರೂಪುಗೊಂಡ ಸೈಕಲ್ಲು ಹಾಗೆಯೇ ಯರಿ ನೆಲಕ್ಕೆ ಬಂದಿಳಿಯಿತು. ತೊಡಕು ಶುರುವಾದದ್ದು ಅಲ್ಲಿಂದ.

ಮಣ್ಣಿನ ಗುಣ

ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಮಳೆ. ಮಲೆನಾಡಿನ ಮುಂದೆ ಅದು ಏನೇನೂ ಅಲ್ಲ. ಹಾಗಾಗಿ ಮಡ್‌ಗಾರ್ಡ್ ಆಗುಂಬೆಯವರಿಗೆ ಬೇಕು, ನಮಗೇಕೆ ಎನ್ನುವವರಿದ್ದಾರೆ. ಆದರೆ ಇಲ್ಲಿ ಲೆಕ್ಕ ಹಿಡಿಯಬೇಕಾದ್ದು ಮಳೆಯನ್ನಲ್ಲ, ಅದು ಬೀಳುವ ನೆಲವನ್ನು.

ಯರಿ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಅದರ ಪದರಗಳು ನಡುವೆ ನೀರು ಹಿಡಿದುಕೊಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ದನದ ಕಾಲು ಸಿಕ್ಕಿಬೀಳುವಷ್ಟು ಬಾಯಿ ಬಿಡುವ ನೆಲ, ಮಳೆಗೆ ಮೆತ್ತಿಕೊಳ್ಳುವ ರಾಡಿಯಾಗುತ್ತದೆ. ನೀರು ಹಿಡಿದಿಡುವ ಆ ಗುಣದಿಂದಲೇ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ ಬರುವುದು. ರೈತನಿಗೆ ಅನ್ನ ಕೊಡುವ ಗುಣವೇ ಸವಾರನ ಗಾಲಿ ಹಿಡಿಯುತ್ತದೆ.

ಡಾಂಬರಿದ್ದರೂ ಪೂರ್ತಿ ನಿರಾಳವಿಲ್ಲ. ಅಡಿಯ ಯರಿ ಉಬ್ಬಿ ಕುಗ್ಗಿದಂತೆಲ್ಲ ಮೇಲಿನ ರಸ್ತೆ ಅಲೆಯಲೆಯಾಗುತ್ತದೆ, ಅಂಚು ಸೀಳುತ್ತದೆ, ತಗ್ಗು ಬೀಳುತ್ತದೆ. ಆ ತಗ್ಗಿನಲ್ಲಿ ನೀರು ನಿಂತರೆ ಆಳ ಕಾಣದು. ಕಲ್ಲಿನಂತೆ ಹವಾ ತುಂಬಿದ ತೆಳು ಟಾಯರಿಗೆ ಅಂಥ ಒಂದು ತಗ್ಗು ಸಾಕು, ರಿಮ್ಮು ಡೊಂಕಾಗುತ್ತದೆ.

ನರಗುಂದ, ರೋಣ, ಗಜೇಂದ್ರಗಡ, ಈ ಮೂರೂರಿನ ನೆಲವೂ ಒಂದೇ ತೆರನಲ್ಲ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ನರಗುಂದ ಆಳವಾದ ಯರಿಯ ಬಯಲು. ಮಲಪ್ರಭೆಯ ಕಾಲುವೆ ಹರಿದ ಕಡೆ ಮಳೆಯಿಲ್ಲದ ದಿನವೂ ಹೊಲದ ದಾರಿ ಹಸಿ. ಅಲ್ಲಿಂದ ರೋಣಕ್ಕೆ ಬರಲು ಬೆಣ್ಣೆಹಳ್ಳ ದಾಟಬೇಕು. ಅದು ತುಂಬಿ ಇಳಿದ ಮೇಲೆ ರಸ್ತೆಯ ಮೇಲೆ ನುಣ್ಣನೆಯ ರಾಡಿ ಹಾಸಿರುತ್ತದೆ. ರೋಣದಿಂದ ಗಜೇಂದ್ರಗಡದ ಕಡೆ ಸಾಗಿದಂತೆ ಗುಡ್ಡ ಏಳುತ್ತವೆ, ಕರಿ ನೆಲ ಹಿಂದೆ ಸರಿದು ಕೆಂಪು ಮಸಾರಿ ಕಾಣಿಸಿಕೊಳ್ಳುತ್ತದೆ. ಕಾಲಕಾಲೇಶ್ವರನ ಗುಡ್ಡದ ಆಸುಪಾಸಿನಲ್ಲಿ ಮಳೆ ನೀರು ಬಸಿದು ಹೋಗುತ್ತದೆ, ಗಾಲಿಗೆ ಮಣ್ಣು ಮೆತ್ತುವುದಿಲ್ಲ. ಆದರೆ ಹರಳು, ಉಸುಕು, ಕಡಿದಾದ ಏರು.

ಮೆತ್ತುವ ಯರಿ, ಒಡಕು ಡಾಂಬರು, ಹರಳಿನ ಮಸಾರಿ. ಈ ಮೂರಕ್ಕೂ 25 ಮಿ.ಮೀ. ಟಾಯರ್ ತಕ್ಕದ್ದಲ್ಲ.

> ಗಾಲಿಯ ಅಳತೆ: ನಿಜವಾದ ಅಂಕಿ ಯಾವುದು?
>
> ಟಾಯರಿನ ಪಕ್ಕದಲ್ಲಿ ಬರೆದಿರುವ 28, 27.5, 26 ಎಂಬ ಅಂಕಿಗಳನ್ನು ನಂಬಿ ಕೊಳ್ಳಬೇಡಿ. ಟಾಯರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ ಮಿಲಿಮೀಟರಿನಲ್ಲಿ ಬರೆದಿರುತ್ತದೆ, ಅದನ್ನು ನೋಡಿ.
>
> • 635: ಊರಿನ ಹಳೆಯ ಕರಿ ಸೈಕಲ್ಲು (28 × 1½)
> • 622: ರೋಡ್ ಬೈಕು (700ಸಿ)
> • 590: 26 × 1⅜ ಟಾಯರಿನ ಸೈಕಲ್ಲು
> • 584: 650ಬಿ. ಎಂಟಿಬಿಯ (ಮೌಂಟನ್ ಬೈಕಿನ) 27.5 ಎಂಬುದೂ ಇದೇ
> • 559: 26 ಇಂಚಿನ ಹಳೆಯ ಎಂಟಿಬಿ
>
> 590ರ ಟಾಯರು 584ರ ರಿಮ್ಮಿಗೆ ಕೂರುವುದಿಲ್ಲ. ಆರು ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಕಾಣದು, ರಸ್ತೆಗೆ ಗೊತ್ತಾಗುತ್ತದೆ.

ಸಣ್ಣದಾದರೂ ಗಿಡ್ಡವಾಗದು

ರೋಡ್ ಬೈಕಿನ ಫ್ರೇಮಿನಲ್ಲಿ ಗಾಲಿಗೆ ಇಷ್ಟೇ ಜಾಗ ಎಂದು ಮೊದಲೇ ಗೊತ್ತಾಗಿರುತ್ತದೆ. ದಪ್ಪ ಟಾಯರು ಹಾಕಹೋದರೆ ಮೇಲೆ ಫೋರ್ಕಿಗೆ ಉಜ್ಜುತ್ತದೆ. ಮಡ್‌ಗಾರ್ಡಿನ ಮಾತು ದೂರವೇ ಉಳಿಯಿತು. ಜಾಗ ಹೆಚ್ಚಿಸಲಾಗದು. ಆದರೆ ರಿಮ್ಮನ್ನೇ ಸಣ್ಣದು ಮಾಡಬಹುದು.

622ರ ರಿಮ್ಮು ತೆಗೆದು 584ರ ರಿಮ್ಮು ಹಾಕಿದರೆ ಅಚ್ಚಿನಿಂದ ರಿಮ್ಮಿಗೆ ಇರುವ ದೂರ 19 ಮಿ.ಮೀ. ಕಡಿಮೆಯಾಗುತ್ತದೆ. ಆ ಜಾಗವನ್ನು ಟಾಯರಿಗೆ ಕೊಡಬಹುದು. 700ಸಿ ರಿಮ್ಮಿನ ಮೇಲೆ 25ರ ಟಾಯರು ಕೂತಾಗ ಗಾಲಿಯ ತ್ರಿಜ್ಯ ಸುಮಾರು 336 ಮಿ.ಮೀ. 650ಬಿ ಮೇಲೆ 42ರ ಟಾಯರು ಕೂತಾಗ ಸುಮಾರು 334. ಕೇವಲ ಎರಡು ಮಿಲಿಮೀಟರ್ ಇಳಿತ! ಪೆಡಲು ನೆಲಕ್ಕೆ ತಾಕುವುದಿಲ್ಲ, ಗೇರಿನ ಲೆಕ್ಕ ಕೆಡುವುದಿಲ್ಲ, ಹ್ಯಾಂಡಲಿನ ಹಿಡಿತ ಬದಲಾಗುವುದಿಲ್ಲ.

ಬದಲಾಗುವುದು ಒಳಗಿನ ಹವಾ. 42ರ ಟಾಯರು 25ರದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ಗಾಳಿ ಹಿಡಿಯುತ್ತದೆ. ತೆಳು ಟಾಯರಿಗೆ 90–100 ಪಿಎಸ್‌ಐ ಹೊಡೆಯುತ್ತಿದ್ದವರು ಇಲ್ಲಿ 40ರ ಆಸುಪಾಸಿನಲ್ಲಿ ನಿಲ್ಲಿಸಬಹುದು. ತಗ್ಗಿನ ಪೆಟ್ಟನ್ನು ಬೆನ್ನಿಗೆ ಬಿಡದೆ ಟಾಯರೇ ನುಂಗುತ್ತದೆ. ಹಸಿ ಡಾಂಬರಿನಲ್ಲಿ ಹಿಡಿತ ಗಟ್ಟಿಯಾಗುತ್ತದೆ.

ಈ ಸೀಮೆಯ ರೈತರಿಗೆ ಈ ಲೆಕ್ಕ ಹೊಸದಲ್ಲ. ಹಳೆಯ ಚಕ್ಕಡಿಯ ಕಟ್ಟಿಗೆ ಗಾಲಿ ಆಳೆತ್ತರ, ತೆಳು, ಸುತ್ತ ಕಬ್ಬಿಣದ ಹಳಿ. ಆಮೇಲೆ ಬಂದ ಟಾಯರ್ ಗಾಡಿಯ ಗಾಲಿ ಗಿಡ್ಡ, ಅಗಲ, ಒಳಗೆ ಹವಾ. ಅದೇ ಎತ್ತು ರಸ್ತೆಯ ಮೇಲೆ ಹೆಚ್ಚು ಹೇರು ಎಳೆಯಿತು, ಕೂತವರ ನಡು ಉಳಿಯಿತು. ರೋಡ್ ಬೈಕಿಗೆ ಈಗ ಆಗಬೇಕಿರುವುದೂ ಅದೇ ಬದಲಾವಣೆ.

ಫ್ರಾನ್ಸಿನಿಂದ ಗದಗಕ್ಕೆ

650ಬಿ ನಿನ್ನೆ ಮೊನ್ನೆಯ ಅಳತೆಯಲ್ಲ. ದೂರ ಪ್ರಯಾಣದ ಫ್ರೆಂಚ್ ಸವಾರರು ಕಳೆದ ಶತಮಾನದ ಮೊದಲರ್ಧದಲ್ಲೇ ಇದನ್ನು ನೆಚ್ಚಿಕೊಂಡಿದ್ದರು. ಸೇಂಟ್ ಎಟಿಯೆನ್ ಪಟ್ಟಣದ ಪಾಲ್ ದ ವಿವಿ, 'ವೆಲೋಸಿಯೊ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪತ್ರಕರ್ತ, ದಪ್ಪ ಟಾಯರೇ ಸುಖ ಎಂದು ಬದುಕಿಡೀ ವಾದಿಸಿದರು. ಅವರು ತೀರಿಕೊಂಡದ್ದು 1930ರಲ್ಲಿ. ರೆನೆ ಹರ್ಸ್, ಅಲೆಕ್ಸ್ ಸಿಂಗರ್ ಮೊದಲಾದ ಪ್ಯಾರಿಸ್ಸಿನ ಕುಶಲಕರ್ಮಿಗಳು ಮಡ್‌ಗಾರ್ಡನ್ನು ಫ್ರೇಮಿನ ಅಂಗವಾಗಿಯೇ ಕೂರಿಸಿ, ಹಗುರವಾಗಿ ಓಡುವ ಸೈಕಲ್ಲುಗಳನ್ನು ಕಟ್ಟಿದರು.

ನಡುವೆ ಈ ಅಳತೆ ಮರೆಗೆ ಸರಿಯಿತು. ಮತ್ತೆ ಎದ್ದು ಬಂದದ್ದು ಈ ಶತಮಾನದಲ್ಲಿ. ಅಮೆರಿಕದ ಕರ್ಕ್ ಪಸೆಂಟಿ 2007ರ ಹೊತ್ತಿಗೆ ಅದನ್ನು ಎಂಟಿಬಿಗೆ ತಂದರು. 2012ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಸ್ವಿಟ್ಜರ್ಲೆಂಡಿನ ನಿನೊ ಶುರ್ಟರ್ ಅದೇ ಗಾಲಿಯ ಮೇಲೆ ವಿಶ್ವಕಪ್ ಪಂದ್ಯ ಗೆದ್ದ ಮೇಲೆ ದೊಡ್ಡ ಕಂಪನಿಗಳೆಲ್ಲ ಅತ್ತ ಹೊರಳಿದವು. 27.5 ಎಂಬ ಹೆಸರಿನಲ್ಲಿ ಅದು ನಮ್ಮ ಪೇಟೆಗೂ ಬಂತು.

ನಮಗೆ ದಕ್ಕುವ ಲಾಭ ಇಲ್ಲಿದೆ. 650ಬಿ ಎಂದು ಕೇಳಿದರೆ ಅಂಗಡಿಯವರು ತಲೆ ಅಲ್ಲಾಡಿಸಬಹುದು. 27.5 ಎಂದರೆ ಟ್ಯೂಬೂ ಸಿಗುತ್ತದೆ, ಟಾಯರೂ ಸಿಗುತ್ತದೆ.

ಬ್ರೇಕಿನ ಗಂಟು

ಗಾಲಿ ಬದಲಿಸುವ ಕೆಲಸ ಸಲೀಸೋ ಕಷ್ಟವೋ ಎಂಬುದನ್ನು ಬ್ರೇಕು ತೀರ್ಮಾನಿಸುತ್ತದೆ.

ಡಿಸ್ಕ್ ಬ್ರೇಕಿನ ಸೈಕಲ್ಲಾದರೆ ಚಿಂತೆಯಿಲ್ಲ. ಡಿಸ್ಕು ಹಬ್ಬಿನ ಬಳಿಯೇ ಇರುತ್ತದೆ, ರಿಮ್ಮು ಸಣ್ಣದಾದರೆ ಅದಕ್ಕೇನೂ ಆಗದು. ಹಬ್ಬಿನ ಅಗಲ, ಅಚ್ಚಿನ ಬಗೆ ಹೊಂದಿದರೆ ಗಾಲಿ ಬದಲಿಸಿದರಾಯಿತು. ಎಂಟಿಬಿಯ ಗಾಲಿಯನ್ನು ನೇರ ತಂದು ಹಾಕುತ್ತೇನೆ ಎಂದರೆ ಮಾತ್ರ ಎಚ್ಚರ: ಹಿಂದಿನ ಹಬ್ಬಿನ ಅಗಲ ಎರಡರಲ್ಲೂ ಒಂದೇ ಇರಬೇಕೆಂದಿಲ್ಲ.

ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ಕೆಲಸ ಹೆಚ್ಚು. ರಿಮ್ಮು 19 ಮಿ.ಮೀ. ಕೆಳಗಿಳಿದಾಗ ಬ್ರೇಕಿನ ಗಟ್ಟಾಗಳೂ ಅಷ್ಟೇ ಕೆಳಗಿಳಿಯಬೇಕು. ರೇಸ್ ಬೈಕಿನ ಬ್ರೇಕಿನ ತೋಳು 39ರಿಂದ 49 ಮಿ.ಮೀ. ಮಾತ್ರ ಚಾಚುತ್ತದೆ, ಅದು ಸಾಲದು. 55ರಿಂದ 73 ಮಿ.ಮೀ. ಚಾಚುವ ಉದ್ದ ತೋಳಿನ ಬ್ರೇಕು ತರಿಸಬೇಕು. ಎರಡನೆಯ ತೊಡಕು ರಿಮ್ಮಿನದು. ಇಂದಿನ 27.5 ರಿಮ್ಮುಗಳು ಬಹುಪಾಲು ಡಿಸ್ಕಿಗೆಂದೇ ಮಾಡಿದವು, ಗಟ್ಟಾ ಹಿಡಿಯುವ ಚಪ್ಪಟೆ ಪಟ್ಟಿ ಅವಕ್ಕಿಲ್ಲ. ವಿ ಬ್ರೇಕಿನ 27.5 ಸೈಕಲ್ಲುಗಳ ರಿಮ್ಮು ಹುಡುಕಿ, ಹಳೆಯ ಹಬ್ಬಿಗೇ ಹೊಸ ಕಡ್ಡಿ ಹಾಕಿಸಿ ಗಾಲಿ ಕಟ್ಟಿಸಬೇಕು. 32 ತೂತಿನ ಹಬ್ಬಿಗೆ 32 ತೂತಿನ ರಿಮ್ಮೇ ಆಗಬೇಕು.

ಗಾಲಿ ಕಟ್ಟುವ ಕೈಗಳು ಈ ಊರುಗಳಲ್ಲಿ ಇನ್ನೂ ಇವೆ. ಕಡ್ಡಿ ಎಳೆದು, ಕಿವಿಗೆ ಅದರ ಸದ್ದು ಕೇಳಿ ಬಿಗಿ ಹೇಳುವ ಹಿರಿಯ ಮೇಸ್ತ್ರಿಗಳಿಗೆ ಈ ಕೆಲಸ ಕೊಡಿ. ಅಳತೆ ನೀವು ಬರೆದುಕೊಡಿ, ಕಟ್ಟುವುದನ್ನು ಅವರಿಗೆ ಬಿಡಿ.

> ಅಂಗಡಿಗೆ ಹೋಗುವ ಮುನ್ನ
>
> • ಗೆಳೆಯರ 27.5 ಗಾಲಿಯೊಂದನ್ನು ಮುಂದಿನ ಫೋರ್ಕಿನಲ್ಲಿ ಹಿಡಿದು ನೋಡಿ. ಮೇಲೆ, ಪಕ್ಕದಲ್ಲಿ ಎಷ್ಟು ಸಂದಿ ಉಳಿಯಿತು ಅಳೆದುಕೊಳ್ಳಿ.
> • ಹಿಂದೆ ಪೆಡಲಿನ ಬಳಿ ಫ್ರೇಮಿನ ಎರಡು ಕೊಳವೆಗಳ ನಡುವಿನ ಅಗಲವೇ ಟಾಯರಿನ ಮಿತಿ. 42 ಹಿಡಿಯದಿದ್ದರೆ 38 ಹಾಕಿ.
> • ಮಡ್‌ಗಾರ್ಡು ಟಾಯರಿಗಿಂತ 10–15 ಮಿ.ಮೀ. ಅಗಲವಿರಲಿ.
> • ಪೆಡಲು ತುಳಿಯುತ್ತಾ ಹ್ಯಾಂಡಲು ತಿರುಗಿಸಿದಾಗ ಬೂಟಿನ ತುದಿ ಮುಂದಿನ ಮಡ್‌ಗಾರ್ಡಿಗೆ ತಾಗುತ್ತದೆಯೇ ನೋಡಿ.
> • ಕಾರ್ಬನ್ ಫ್ರೇಮಿಗೆ ತೂತು ಕೊರೆಸಬೇಡಿ. ತೂತಿಲ್ಲದ ಫ್ರೇಮಿಗೆ ರಬ್ಬರ್ ಹಚ್ಚಿದ ಪಟ್ಟಿ ಕ್ಲಾಂಪು ಸಾಕು.

ಮಡ್‌ಗಾರ್ಡ್: ಹೊಲದಲ್ಲಿ ಹಗೆ, ರಸ್ತೆಯಲ್ಲಿ ಗೆಳೆಯ

ಯರಿ ಸೀಮೆಯಲ್ಲಿ ಮಡ್‌ಗಾರ್ಡಿನ ವಿರುದ್ಧ ಒಂದು ಗಟ್ಟಿ ವಾದವಿದೆ. ರಾಡಿ ಅದರೊಳಗೆ ಸಿಕ್ಕಿಕೊಂಡು ಗಾಲಿ ನಿಲ್ಲಿಸುತ್ತದೆ, ಅದಿಲ್ಲದಿದ್ದರೇ ಲೇಸು ಎಂಬುದು. ಹಸಿ ಯರಿ ಹೊಲದ ಮಟ್ಟಿಗೆ ಆ ಮಾತು ನಿಜ. ಆದರೆ ಅಲ್ಲಿ ಮಡ್‌ಗಾರ್ಡ್ ಇಲ್ಲದ ಸೈಕಲ್ಲೂ ಓಡುವುದಿಲ್ಲ, ಬ್ರೇಕಿನಲ್ಲಿ, ಫೋರ್ಕಿನಲ್ಲಿ ಸಿಕ್ಕಿ ನಿಲ್ಲುತ್ತದೆ. ಹೊಲಕ್ಕೆ ಹದ ಬರುವವರೆಗೆ ಅತ್ತ ಇಳಿಯದಿರುವುದೇ ಜಾಣತನ. ಇಳಿಯಲೇಬೇಕಾದರೆ ಹೆಗಲಿದೆ.

ನಾವು ಓಡಿಸುವುದು ಹೆಚ್ಚಾಗಿ ಡಾಂಬರಿನ ಮೇಲೆ. ಟ್ರ್ಯಾಕ್ಟರುಗಳು ಹೊಲದಿಂದ ಹೊತ್ತು ತಂದ ಯರಿ, ಮಳೆಯ ನೀರಿನೊಂದಿಗೆ ಕಲೆಸಿ ಅಲ್ಲಿ ತೆಳ್ಳಗೆ ಹರಡಿರುತ್ತದೆ. ಗಾಲಿ ಅದನ್ನು ಎತ್ತಿ ಚೈನಿಗೆ, ಪೆಡಲಿನ ಬೇರಿಂಗಿಗೆ, ಬ್ರೇಕಿಗೆ, ಸವಾರನ ಬೆನ್ನಿಗೆ ಎರಚುತ್ತದೆ. ಒಣಗಿದ ಮೇಲೆ ಆ ಮಣ್ಣಿನ ಹರಳು ಚೈನನ್ನೂ ರಿಮ್ಮನ್ನೂ ತೇಯುತ್ತದೆ. ಮಡ್‌ಗಾರ್ಡು ಉಳಿಸುವುದು ಬಟ್ಟೆಯನ್ನಷ್ಟೇ ಅಲ್ಲ, ಸೈಕಲ್ಲಿನ ಆಯುಷ್ಯವನ್ನು.

ಹಾಕುವಾಗ ಮೂರು ಮಾತು ನೆನಪಿರಲಿ. ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ಸುತ್ತ ಒಂದೇ ಸಮನಾದ ಸಂದಿ ಇರಲಿ. ಹೊರದೇಶದ ಕೈಪಿಡಿಗಳು 10 ಮಿ.ಮೀ. ಸಾಕೆನ್ನುತ್ತವೆ, ಯರಿ ಸೀಮೆಗೆ ಫ್ರೇಮು ಬಿಟ್ಟುಕೊಡುವಷ್ಟು ಹೆಚ್ಚೇ ಬಿಡಿ. ಎಲ್ಲೋ ಒಂದು ಕಡೆ ಕಿರಿದಾದರೆ ರಾಡಿ ಅಲ್ಲೇ ಬೆಣೆ ಹೊಡೆಯುತ್ತದೆ.

ಎರಡನೆಯದು, ಮುಂದಿನ ಮಡ್‌ಗಾರ್ಡಿನ ತುದಿಗೆ ರಬ್ಬರಿನ ಪಟ್ಟಿ ಇಳಿಬಿಡಿ. ಕಾಲು, ಚೈನು ಎರಡನ್ನೂ ಕಾಯುವುದು ಅದೇ. ಹಳೆಯ ಲಾರಿ ಟ್ಯೂಬಿನ ತುಂಡು ಸಾಕು.

ಮೂರನೆಯದು ಜೀವದ ಪ್ರಶ್ನೆ. ಜಾಲಿ ಕಡ್ಡಿಯೋ ಹತ್ತಿ ಕಟ್ಟಿಗೆಯೋ ಮುಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಸಿಕ್ಕಿದರೆ ಮಡ್‌ಗಾರ್ಡು ಮಡಚಿ ಗಾಲಿ ಥಟ್ಟನೆ ನಿಲ್ಲುತ್ತದೆ, ಸವಾರ ಹ್ಯಾಂಡಲಿನ ಮೇಲಿಂದ ಹಾರಿ ಬೀಳುತ್ತಾನೆ. ಒತ್ತಡ ಬಿದ್ದಾಗ ತಾನಾಗಿ ಕಳಚಿಕೊಳ್ಳುವ ಕ್ಲಿಪ್ಪು ಮುಂದಿನ ಕಡ್ಡಿಗಳಿಗೆ ಇರುವ ಮಡ್‌ಗಾರ್ಡನ್ನೇ ಆರಿಸಿ.

ದಪ್ಪ ಟಾಯರು ಹಾಕಿದ ಮಾತ್ರಕ್ಕೆ ಪಂಕ್ಚರು ತಪ್ಪುವುದಿಲ್ಲ. ಬಳ್ಳಾರಿ ಜಾಲಿಯ ಮುಳ್ಳು, ರಸ್ತೆಯಂಚಿನ ನೆಗ್ಗಿಲ ಮುಳ್ಳು ಎರಡೂ ಇಲ್ಲಿ ಧಾರಾಳ. ರಿಮ್ಮು, ಟಾಯರು ಟ್ಯೂಬ್‌ಲೆಸ್ ಆಗಿದ್ದರೆ ಒಳಗೆ ಸೀಲಂಟ್ ಹಾಕಿಸುವುದು ಒಳ್ಳೆಯದು, ಸಣ್ಣ ತೂತು ಓಡುತ್ತಲೇ ಮುಚ್ಚಿಕೊಳ್ಳುತ್ತದೆ.

ವೇಗ ಹೋಗುವುದಿಲ್ಲವೇ?

ಎಲ್ಲರೂ ಕೇಳುವ ಪ್ರಶ್ನೆ. ಉತ್ತರವನ್ನು ರೇಸಿನ ಲೋಕವೇ ಕೊಟ್ಟಿದೆ. ಒಂದು ಕಾಲಕ್ಕೆ 23 ಮಿ.ಮೀ. ಟಾಯರಿನ ಮೇಲೆ ಓಡುತ್ತಿದ್ದ ಯುರೋಪಿನ ವೃತ್ತಿಪರರು ಈಗ 28, 30ಕ್ಕೆ ಬಂದಿದ್ದಾರೆ. ಕಲ್ಲು ಹಾಸಿನ ಪ್ಯಾರಿಸ್–ರೂಬೆ ಪಂದ್ಯದಲ್ಲಿ ಇನ್ನೂ ದಪ್ಪ. ಒರಟು ರಸ್ತೆಯಲ್ಲಿ ಸೈಕಲ್ಲು ಕುಪ್ಪಳಿಸಿದಷ್ಟೂ ತುಳಿದ ಶಕ್ತಿ ಪೋಲಾಗುತ್ತದೆ. ಆ ಕುಪ್ಪಳಿಕೆಯನ್ನು ತಡೆಯುವ ಟಾಯರು ದಪ್ಪವಾದರೂ ನಿಧಾನವಲ್ಲ. ಮೈ ನುಣುಪಾಗಿ, ಪಕ್ಕ ಮೆತ್ತಗಿರುವ ಟಾಯರು ಆರಿಸಬೇಕು, ಅಷ್ಟೇ. ಗುಬುಟು ಗುಬುಟಾದ ಎಂಟಿಬಿ ಟಾಯರು ಹಾಕಿದರೆ ವೇಗ ಖಂಡಿತ ಇಳಿಯುತ್ತದೆ, ಅದರ ಸಂದುಗಳಲ್ಲಿ ಯರಿಯೂ ಮನೆ ಮಾಡುತ್ತದೆ.

ಬ್ರಿಟನ್ನಿನ ಸೈಕಲ್ ಕ್ಲಬ್ಬುಗಳಲ್ಲಿ ಚಳಿಗಾಲದ ಗುಂಪು ಸವಾರಿಗೆ ಮಡ್‌ಗಾರ್ಡ್ ಇರಲೇಬೇಕೆಂಬ ಪದ್ಧತಿಯುಂಟು. ಮುಂದಿನವರ ಗಾಲಿ ಎರಚುವ ನೀರು ಹಿಂದಿನವರ ಕಣ್ಣಿಗೆ ಬೀಳಬಾರದೆಂದು. ಒಬ್ಬರ ಹಿಂದೊಬ್ಬರು ಗಾಲಿಗೆ ಗಾಲಿ ಹಚ್ಚಿ ಓಡುವ ನಮ್ಮ ಮಕ್ಕಳ ಕಣ್ಣಿಗೂ ಅಷ್ಟೇ ಬೆಲೆಯಿದೆ. ಮಳೆಯಲ್ಲಿ ಅಭ್ಯಾಸ ನಿಲ್ಲಿಸದೆ, ಕಾಯಿಲೆ ಬೀಳದೆ, ಪಂದ್ಯದ ದುಬಾರಿ ಗಾಲಿಗಳನ್ನು ರಾಡಿಗೆ ಕೊಡದೆ ಇರಬೇಕಾದರೆ, ತರಬೇತಿಗೆಂದೇ ಒಂದೊಂದು ಜೊತೆ ಸಣ್ಣ ಗಾಲಿ ಮತ್ತು ಮಡ್‌ಗಾರ್ಡು ಬೇಕು. ಪಂದ್ಯ ಬಂದಾಗ ಹಳೆಯ ಗಾಲಿ ಮತ್ತೆ ಹಾಕಿಕೊಳ್ಳಬಹುದು. ಡಿಸ್ಕ್ ಬ್ರೇಕಿನ ಸೈಕಲ್ಲಿನಲ್ಲಿ ಅದು ಕೆಲವೇ ನಿಮಿಷಗಳ ಕೆಲಸ.

ಹೊಸ ಸೈಕಲ್ಲು ಕೊಡಿಸುವ ಶಕ್ತಿ ಈ ಸೀಮೆಯ ಎಲ್ಲ ಮನೆಗಳಿಗಿಲ್ಲ. ಇರುವುದನ್ನೇ ನೆಲಕ್ಕೆ ಒಗ್ಗಿಸುವ ಜಾಣತನ ಇಲ್ಲಿಗೆ ಹೊಸದಲ್ಲ. ಕ್ರೀಡಾ ನಿಲಯಗಳು, ಊರಿನ ದಾನಿಗಳು, ಹಳೆಯ ಸವಾರರು ಸಾಧನ ಕೊಡಿಸುವಾಗ ಪಂದ್ಯದ ಗಾಲಿಯೊಂದನ್ನೇ ನೆನೆಯದೆ ಮಳೆಗಾಲದ ಗಾಲಿಯನ್ನೂ ಪಟ್ಟಿಗೆ ಸೇರಿಸಲಿ. ಹೆಸರು ಬಿತ್ತುವ ಹೊತ್ತಿಗೆ ರಿಮ್ಮು, ಟಾಯರು ತರಿಸಿಟ್ಟರೆ, ಹಿಂಗಾರಿನ ದೊಡ್ಡ ಮಳೆ ಬರುವಷ್ಟರಲ್ಲಿ ಗಾಲಿ ಕಟ್ಟಿಸಿ, ಮಡ್‌ಗಾರ್ಡು ಕೂರಿಸಿ, ಸಂದಿ ಸರಿಮಾಡಿಕೊಳ್ಳಲು ಬೇಕಾದಷ್ಟು ಸಮಯವಿದೆ.